ಬಾಯಿಲ್ಲದ ಗಂಟು

ಹೊಗ್ಲಾಜ್ಜಿಗೆ ಮೊಮ್ಮಗ ಹುಟ್ಟಿ ಏಳು ದಿನ. ಇಡೀ ತೆಕೋವದ ಗುಡ್ಡದಲ್ಲಿ ಅಂಥ ಚೆಲುವ ಕೂಸು ಇನ್ನೊಂದಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ವಾಡಿಕೆಯಂತೆ ಕೂಸಿಗೆ ಉಪ್ಪು ತಿಕ್ಕಿ, ಬಟ್ಟೆಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಕಲ್ಲಿನ ಗೋದಲಿಯಲ್ಲಿ ಮಲಗಿಸುವುದು ಅವಳದೇ ಕೆಲಸ. ತವರಿನಿಂದ ತಂದ, ಕೂಸಿನಷ್ಟೇ ಉದ್ದದ ಮರದ ಬಾಳ್ ದೇವರನ್ನೂ ಹಾಗೆಯೇ ಸುತ್ತಿ ಪಕ್ಕದಲ್ಲಿಡುತ್ತಿದ್ದಳು, ಕಾವಲಿಗೆ!

"ಅತ್ತೆ, ನಾಳೆ ಅಬ್ರಹಾಮನ ದೇವರ ಹೆಸರಲ್ಲಿ ಸುನ್ನತಿ, ನಾಮಕರಣ. ಅಷ್ಟರೊಳಗೆ ಈ ಕೊರಡನ್ನ ಹೊರಗೆ ಹಾಕಿ," ಎಂದಳು ಸೊಸೆ ಅಬೀಟಲ್.

"ಕೊರಡಂತೆ! ನಾಲಿಗೆ ಬಿಗಿ ಹಿಡಿಯೇ. ಮಗೂಗೆ ಇವನ ಹೆಸರೇ ಇಡೋದು."

ಮಳೆಗೆ ಮುಂಚೆ ಮಾಳಿಗೆಯ ಮಣ್ಣಿನ ಮೇಲೆ ಕಲ್ಲುಗುಂಡು ಉರುಳಿಸಿ ಗಟ್ಟಿಮಾಡಬೇಕು, ಇಲ್ಲದಿದ್ದರೆ ನೀರಿಳಿದು ಕುಸಿಯುತ್ತದೆ. ಬೆಳಿಗ್ಗೆ ಮಗ ಶಲ್ಲೂಮ ಅದಕ್ಕೆಂದು ಹೊರಟಾಗ, "ಮನೆ ಕಾಯೋಕೆ ಬಾಳ್ ಇಲ್ವೇನೋ? ತೋಟದಲ್ಲಿ ಎಣ್ಣೆಮರದ ಕಾಯಿ ಬಡಿದು ಉದುರಿಸು, ಹೋಗು," ಎಂದು ಓಡಿಸಿದ್ದವಳೂ ಇವಳೇ.

ಅಂದು ಮಧ್ಯಾಹ್ನ ಮಳೆ ಜಡಿಯಿತು. ಅಬೀಟಲ್ ಅಂಗಳದ ಚಪ್ಪರದಡಿ ರೊಟ್ಟಿ ಸುಡುತ್ತಿದ್ದಳು. ಅಜ್ಜಿ ಒಳಗೆ ಕೂಸಿನ ಬಳಿ ಇದ್ದಳು. ತೊಲೆ ಲಟಕ್ಕೆಂದಿತು, ಮಣ್ಣು ಸುರಿಯತೊಡಗಿತು. ಕಣ್ಣಿಗೆ ಧೂಳು ಹೊಕ್ಕಿದ್ದ ಅಜ್ಜಿ ಕೈಗೆ ಸಿಕ್ಕ ಗಂಟನ್ನು ಎದೆಗವಚಿಕೊಂಡು ಹೊರಗೋಡಿದಳು. ಹಿಂದೆಯೇ ಮಾಳಿಗೆ ಕುಸಿಯಿತು.

"ಮಗು ಕೊಡಿ ಅತ್ತೆ!"

ಅಬೀಟಲ್ ಬಟ್ಟೆ ಸರಿಸಿದಳು. ಒಳಗಿಂದ ಮರದ ಕಣ್ಣು ಪಿಳಿಪಿಳಿ ಎನ್ನದೆ ನೋಡಿತು.

ಅಯ್ಯೋ, ಅಜ್ಜಿಯ ಜೀವವೇ ಹಾರಿಹೋಯಿತು! "ಎಲ್ಲಿದೆಯೋ ಕೂಸು? ಹೇಳೋ! ಬಾಯಿಲ್ವೇನೋ ನಿಂಗೆ?" ಎಂದು ಆ ಬೊಂಬೆಯನ್ನು ಹಿಡಿದು ಅಲುಗಾಡಿಸಿದಳು. ಅದು ತುಟಿಪಿಟಕ್ಕೆನ್ನಲಿಲ್ಲ. ಅತ್ತ ಎಸೆದು, ಕೆಸರಿಗೆ ಬಿದ್ದು, "ಅಬ್ರಹಾಮನ ದೇವರೇ, ನೀನಾದ್ರೂ ಕೇಳಿಸ್ಕೊಳಪ್ಪಾ!" ಎಂದು ಗೋಳಾಡಿದಳು.

ಮಣ್ಣಿನ ಗುಡ್ಡೆಯೊಳಗಿಂದ ಸಣ್ಣಗೆ ಅಳು ಕೇಳಿತು. ಅತ್ತೆ ಸೊಸೆ ಇಬ್ಬರೂ ದನಿ ಬಂದ ಕಡೆ ಬರಿಗೈಯಲ್ಲೇ ಬಗೆದರು. ಮುರಿದ ತೊಲೆ ಗೋದಲಿಯ ಮೇಲೆ ಅಡ್ಡವಾಗಿ ನಿಂತಿತ್ತು. ಅದರಡಿ ಕೂಸು ಮುಖ ಕೆಂಪಗೆ ಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು.

ಮರುದಿನ ಅಂಗಳದಲ್ಲೇ ಸುನ್ನತಿ. ಹೆಸರೇನೆಂದು ಹಿರಿಯರು ಕೇಳಿದಾಗ ಅಜ್ಜಿಯೇ ಮುಂದೆ ಬಂದಳು. "ಎಲೀಷಾಮ. ಅಂದ್ರೆ, ನನ್ನ ದೇವರು ಕೇಳಿಸ್ಕೊಂಡ."

"ಬಾಳ್ ಎಲ್ಲಿ ಅಜ್ಜಿ?" ನೆರೆಯವಳೊಬ್ಬಳು ಕೆಣಕಿದಳು.

"ಒಲೇಲಿ. ತಿನ್ನು, ರೊಟ್ಟಿ ಹದವಾಗಿ ಬೆಂದಿದೆ. ಇಷ್ಟು ವರ್ಷಕ್ಕೆ ಒಂದು ಕೆಲಸಕ್ಕೆ ಬಂದ!"

ಎಲ್ಲರೂ ಬಿದ್ದುಬಿದ್ದು ನಕ್ಕರು. ಅಷ್ಟರಲ್ಲಿ ಕತ್ತಿ ತಾಗಿ ಕೂಸು ಕಿಟಾರನೆ ಕಿರುಚಿತು. ಅಬೀಟಲ್ ಸಮಾಧಾನ ಮಾಡಲು ಓಡಿಬಂದಳು. ಅಜ್ಜಿ ಅವಳ ಕೈ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

"ಅಳಲಿ ಬಿಡೇ, ಕೇಳ್ತಾ ಇರೋಣ."