ಓಗ್ವೆನೊ ಕೈಗೇ ಕೊಡಬೇಕಾದದ್ದು

ಹೊಸ ಮನೆಯ ಮಾಡಿನ ಕೊನೆಯ ತಗಡಿಗೆ ಮೊಳೆ ಹೊಡೆಯುತ್ತಿದ್ದವನು ಓಗ್ವೆನೊನ ತಮ್ಮ. ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಓಗ್ವೆನೊ, "ಗಟ್ಟಿಯಾಗಿ ಹೊಡಿಯೋ! ಗಾಳಿಗೆ ಹಾರಿಹೋದ್ರೆ ನಿಮ್ಮತ್ತಿಗೆ ಏನಂದ್ಕೊಂಡಾಳು?" ಎಂದ. ಅತ್ತಿಗೆ ಅಕುಮು ಏನನ್ನೂ ಅಂದುಕೊಳ್ಳುವಂತಿರಲಿಲ್ಲ. ಅಂಗಳದ ಡೇರೆಯ ಕೆಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದಳು.

ಗಂಡನ ಹಟ್ಟಿಯಲ್ಲಿ ಸ್ವಂತ ಮನೆಯಿಲ್ಲದ ಹೆಂಡತಿಯನ್ನು ಈ ಸರೋವರದ ದಡದ ಲುವೊ ಜನ ಅಲ್ಲಿ ಹೂಳುವಂತಿಲ್ಲ. ಮೊದಲು ಮನೆ ಬೇಕು, ಆಮೇಲೆ ಅದರ ಎಡಕ್ಕೆ ಗುಂಡಿ. ಬದುಕಿದ್ದಾಗ ಅವಳಿಗೊಂದು ಸೂರು ಕಟ್ಟದ ಮಹಾರಾಯ ಈಗ ಒಂದೂವರೆ ದಿನದಲ್ಲಿ ಕಟ್ಟಿ ಮುಗಿಸಿದ್ದ. ಅವಸರದಲ್ಲಿ ಕಿಟಕಿ ಇಡುವುದನ್ನೇ ಮರೆತಿದ್ದರು.

ಅಕುಮುವಿನ ತಂಗಿ ಡೋರ್ಕಾ ಬೇಲಿಯ ಹತ್ತಿರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಬಾಡಿಗೆ ಬೈಕಿನಿಂದ ಇಳಿದವನು ಕೋರ್ಟಿನ ಅಮೀನ ವಸೊಂಗ.

"ಕಾಗದ ತಂದ್ರಾ ಅಣ್ಣ?"

"ತಂದಿದೀನಿ. ಆದ್ರೆ ತಂಗಿ, ಮೊದ್ಲೇ ಹೇಳ್ಬಿಡ್ತೀನಿ. ಕೇಸ್ ಹಾಕಿದೋರೇ ಹೋದ್ಮೇಲೆ ಕೇಸೂ ಹೋದಂಗೆ. ಇದ್ರಿಂದ ಈ ಮಣ್ಣು ನಿಲ್ಲಲ್ಲ."

ಡೋರ್ಕಾಳ ಮುಖ ಇಳಿಯಿತು. "ಹೊಲಿಗೆ ಅಂಗಡಿ ಹಿಂದೆ ಪರಂಗಿ ಗಿಡದ ಹತ್ರ ಜಾಗ ತೋರ್ಸಿದ್ಳು ಅಣ್ಣ. 'ಅವ್ನ ಹಟ್ಟಿಗೆ ಮಾತ್ರ ನನ್ನ ಹೊರಬೇಡ ಕಣೇ' ಅಂತ ಕೈ ಹಿಡ್ಕೊಂಡು ಹೇಳಿದ್ಳು."

"ನಿಮ್ಮಣ್ಣ ಏನಂತಾನೆ?"

"ಅವನೇನಂತಾನೆ? ಅಕ್ಕನ ಮದುವೇಲಿ ಓಗ್ವೆನೊ ತೆರ ಕೊಟ್ಟ ಹಸುಗಳನ್ನ ಕೊಟ್ಟೇ ತಾನು ಮದುವೆ ಆಗಿರೋದು. ಹಸು ವಾಪಸ್ ಕೊಡದೆ ಅಕ್ಕ ಅವ್ನ ಹೆಂಡ್ತಿಯಲ್ಲ ಅಂದ್ರೆ ಯಾರು ಕೇಳ್ತಾರೆ?"

*

ಗಂಡ ಎರಡನೇ ಸಲ ಕೈ ಮುರಿದ ಮೇಲೆ ಅಕುಮು ಅವನನ್ನು ಬಿಟ್ಟು ಬಂದು, ಪೇಟೆಯಲ್ಲಿ ಶಾಲಾ ಮಕ್ಕಳ ಬಟ್ಟೆ ಹೊಲಿಯಲು ಕೂತಳು. ವಿಚ್ಛೇದನದ ಕಾಗದವನ್ನು ಗಂಡನ ಕೈಗೆ ಮುಟ್ಟಿಸುವ ಕೆಲಸ ವಸೊಂಗನ ಪಾಲಿಗೆ ಬಂತು. ಹನ್ನೊಂದು ವರ್ಷ ಮುಟ್ಟಿಸಲಾಗಲಿಲ್ಲ. ವಸೊಂಗನ ಕಂದು ಹ್ಯಾಟು ದಿಬ್ಬದ ಮೇಲೆ ಕಂಡರೆ ಸಾಕು, ಓಗ್ವೆನೊನ ದೋಣಿ ಸರೋವರಕ್ಕೆ ಇಳಿಯುತ್ತಿತ್ತು. ದಡದಲ್ಲಿ ಅವನ ತಟ್ಟೆಯ ಉಗಾಲಿ ಮುದ್ದೆ ಇನ್ನೂ ಹೊಗೆಯಾಡುತ್ತಿರುತ್ತಿತ್ತು.

"ಓಗ್ವೆನೊನಾ? ದ್ವೀಪಕ್ಕೆ ಹೋಗಿ ತಿಂಗ್ಳಾಯ್ತಲ್ಲ!" ಎನ್ನುತ್ತಿದ್ದರು ಮೀನುಗಾರರು. ಒಮ್ಮೆ ಅವನ ತಾಯಿ, "ನನ್ನ ಮಗ ಸತ್ತು ಮೂರು ವರ್ಷ ಆಯ್ತಪ್ಪಾ" ಎಂದು ಅತ್ತೇಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಸೀನಿದರು. ವಸೊಂಗ ನುಗ್ಗುವ ಹೊತ್ತಿಗೆ ಹಿಂಬಾಗಿಲು ತೆರೆದಿತ್ತು.

ಓಗ್ವೆನೊ ಹೆಂಡದಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದನಂತೆ: "ಎಲ್ಲಿ ಬೇಕಾದ್ರೂ ಹೊಲ್ಕೊಂಡಿರ್ಲಿ. ಮಣ್ಣು ಮಾತ್ರ ನನ್ನ ಹಟ್ಟೀಲೇ."

ಪ್ರತಿ ಸಲವೂ ಬಂದ ದಾರಿಗೆ ಸುಂಕವಿಲ್ಲ ಎಂದು ವಸೊಂಗ ಅಂಗಡಿಗೆ ಮರಳುತ್ತಿದ್ದ. ಹೊಲಿಗೆ ಯಂತ್ರ ನಿಲ್ಲುತ್ತಿತ್ತು.

"ತಗೊಂಡ್ನಾ?"

"ಇಲ್ಲಮ್ಮ."

ಅಕುಮು ಚಹಾ ಬಗ್ಗಿಸುತ್ತಿದ್ದಳು. ಪತ್ರಿಕೆಯಲ್ಲಿ ಪ್ರಕಟಿಸಿದರೂ ನಡೆಯುತ್ತದೆ ಎಂದು ವಕೀಲರು ಹೇಳಿದಾಗ ನಕ್ಕಿದ್ದಳು. "ಪೇಪರ್‌ನಲ್ಲಿ ಹಾಕ್ಸಿದ್ರೆ ಅದ್ರಲ್ಲಿ ಮೀನು ಕಟ್ಟಿ ಮಾರ್ತಾನೆ. ಅವ್ನ ಕೈಗೇ ಕೊಡ್ಬೇಕು."

ಹೋದ ತಿಂಗಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿದ್ದಳು, ಎದ್ದು ಕೂರುವ ಶಕ್ತಿಯಿರಲಿಲ್ಲ. ಆಗಲೂ "ತಗೊಂಡ್ನಾ?" ಎಂದೇ ಕೇಳಿದಳು.

*

"ನಿಲ್ಲಲ್ಲ ಅಂದ್ಮೇಲೆ ಯಾಕೆ ಬಂದ್ರಿ?" ಡೋರ್ಕಾ ಕೇಳಿದಳು.

"ನಿಮ್ಮಕ್ಕಂಗೆ ಒಂದು ಉತ್ತರ ಬಾಕಿ ಇದೆ ತಂಗಿ."

"ಹಂಗಾದ್ರೆ ಆ ಹ್ಯಾಟು ತೆಗೀರಿ. ಅವ್ನಿಗೆ ನಿಮ್ಮ ಮುಖ ಗೊತ್ತಿಲ್ಲ, ಅದೊಂದೇ ಗೊತ್ತಿರೋದು."

ವಸೊಂಗ ಹ್ಯಾಟನ್ನು ಅವಳ ಕೈಗೆ ಕೊಟ್ಟು ಸಾಲಿನಲ್ಲಿ ನಿಂತ. ಬಂದವರೆಲ್ಲ ಓಗ್ವೆನೊನ ಕೈ ಕುಲುಕಿ, ಸಾವಿನ ಖರ್ಚಿಗೆಂದು ಲಕೋಟೆ ಕೊಟ್ಟು ಮುಂದೆ ಹೋಗುತ್ತಿದ್ದರು. ಹನ್ನೊಂದು ವರ್ಷ ಯಾರ ಕೈಗೂ ಸಿಗದವನು ಇಡೀ ಊರಿಗೆ ಕಾಣುವಂತೆ ಕೋಟು ಹಾಕಿಕೊಂಡು ಕೂತಿದ್ದ.

"ಓಗ್ವೆನೊ ಅವರೇ ತಾನೆ?" ವಸೊಂಗ ಕೇಳಿದ.

"ಹೌದು ಸ್ವಾಮಿ, ನಾನೇ. ಇವಳ ಗಂಡ."

"ಇದು ಅಕುಮು ಅವರ ಕಡೆಯಿಂದ. ತಮ್ಮ ಕೈಗೇ ಕೊಡಬೇಕು ಅಂದಿದ್ರು."

ಓಗ್ವೆನೊ ಎದ್ದು ನಿಂತು ಕೋರ್ಟಿನ ಕಾಗದದ ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಉಳಿದವರದಕ್ಕಿಂತ ದಪ್ಪಗಿದೆ ಎಂದು ಬೆರಳಿಗೆ ತಿಳಿದಿರಬೇಕು, ಮುಖ ಅರಳಿತು. ಉಳಿದ ಲಕೋಟೆಗಳಿದ್ದ ಬುಟ್ಟಿಗೆ ಹಾಕದೆ ಕೋಟಿನ ಎದೆಜೇಬಿಗೆ ಸೇರಿಸಿದ. "ಅವಳ ಕಡೆಯವರಾ? ಊಟ ಮಾಡ್ಕೊಂಡೇ ಹೋಗ್ಬೇಕು ಮತ್ತೆ!"

ವಸೊಂಗ ಪೆಟ್ಟಿಗೆಯ ಹತ್ತಿರ ಹೋದ. ಮುಚ್ಚಳದ ಗಾಜಿನ ಹಿಂದೆ ಅಕುಮುವಿನ ಮುಖ ತೀರ ಸಣ್ಣದಾಗಿ ಕಂಡಿತು. ಅವನು ಬಗ್ಗಿ, ಹಿಂದಿದ್ದ ಡೋರ್ಕಾಳಿಗಷ್ಟೇ ಕೇಳುವ ಹಾಗೆ ಹೇಳಿದ.

"ತಗೊಂಡ ಅಮ್ಮಾ."

ಡೋರ್ಕಾ ಹ್ಯಾಟಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕಿಟಕಿಯಿಲ್ಲದ ಮನೆಯ ಎಡಕ್ಕೆ ಪೆಟ್ಟಿಗೆಯನ್ನು ಇಳಿಸಿದರು. ಮೊದಲ ಹಿಡಿ ಹಾಕಲು ಓಗ್ವೆನೊ ಬಗ್ಗಿದಾಗ ಲಕೋಟೆ ಜೇಬಿನಿಂದ ಜಾರಿತು. ಅವನು ಎಡಗೈಯಿಂದ ಅದನ್ನು ಎದೆಗೆ ಭದ್ರವಾಗಿ ಒತ್ತಿ ಹಿಡಿದುಕೊಂಡು, ಬಲಗೈಯಿಂದ ಮಣ್ಣು ಹಾಕಿದ.