ಬಾಷಾ ಮಾಮಾನ ಚೀಲದ ಲೆಕ್ಕ

2025ರ ಸೆಪ್ಟೆಂಬರ್ 16, ಮಂಗಳವಾರ, ಸಂಜೆ 4 ಗಂಟೆ 40 ನಿಮಿಷ. ಬಾಂದ್ರಾ ಜಾತ್ರೆಯ ಜಯಂಟ್ ವ್ಹೀಲಿನ ಕೆಳಗೆ ದಿಲನಾಜ ಹನ್ನೆರಡು ಮಂದಿ ಸ್ಪೇನಿನ ಪ್ರವಾಸಿಗರನ್ನು ತಂದು ನಿಲ್ಲಿಸಿದಳು. ಕನ್ನಡಿ ಮನೆ, ಮರದ ಕುದುರೆ, ಬೈಕ್ ಸುತ್ತುವ ಸಾವಿನ ಬಾವಿ ಮೂರನ್ನೂ ತಡವರಿಸದೆ ವರ್ಣಿಸಿಯಾಗಿತ್ತು. ಇದು ಮೋಜಿನದು, ಇದು ನಿಧಾನ, ಇದು ಎದೆ ನಡುಗಿಸುತ್ತದೆ. ಮೂರು ತಿಂಗಳು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು, ದಾದರಿನಿಂದ ವಿಲೆ ಪಾರ್ಲೆಯವರೆಗೆ ತುಟಿಯಲ್ಲೇ ಗುನುಗಿ ಕಲಿತ ಸ್ಪ್ಯಾನಿಷ್ ಅದು.

ಪಾರ್ಲೆಯ ಟೂರ್ ಕಚೇರಿಯ ಪ್ರಣೀತಾ ಎರಡು ಹೆಜ್ಜೆ ಹಿಂದೆ ನಿಂತು ನೋಡುತ್ತಿದ್ದಳು. ಇಂದಿನ ತಿರುಗಾಟ ಸರಿಹೋದರೆ ಮಾರ್ಚ್‌ವರೆಗಿನ ಗೈಡ್ ಕೆಲಸ ದಿಲನಾಜಳದು, ಕೆಟ್ಟರೆ ಬೇರೆಯವರದು.

ಪ್ರವಾಸಿಗರು ಒಟ್ಟೊಟ್ಟಿಗೆ ಇರಬೇಕೆಂದು ಅಕ್ಕಪಕ್ಕದ ಮೂರೇ ತೊಟ್ಟಿಲುಗಳಲ್ಲಿ ತುಂಬಿಕೊಂಡರು. ಚಕ್ರ ನಡೆಸುವ ಬಾಷಾ, ದಿಲನಾಜಳ ಸೋದರಮಾವ, ಮೋಟರಿನ ಗುಂಡಿ ಮುಟ್ಟಲಿಲ್ಲ.

“ದಿಲ್ಲೂ, ಎಲ್ಲಾರೂ ಒಂದ ಕಡೆ ಕುಂತಾರವ್ವಾ. ಹಿಂಗಾದ್ರ ಮೋಟರ್ ಸುಡತೈತಿ. ಎದುರಾಬದರು ಕುಂದರಸು.”

ಭೌತಶಾಸ್ತ್ರದ ಪದವಿ ಪಡೆದವಳಿಗೆ ಸಮತೋಲನ ಗೊತ್ತಿತ್ತು, ಅದರ ಸ್ಪ್ಯಾನಿಷ್ ಪದ ಗೊತ್ತಿರಲಿಲ್ಲ. ಅವಳ ಬಳಿ ಇದ್ದದ್ದು ವರ್ಣನೆಯ ಮಾತುಗಳು ಮಾತ್ರ. ಅದನ್ನೇ ಬಳಸಿದಳು. “ಎಸ್ತೆ ಲಾದೊ ಪೆಸಾ ಮೂಚೊ,” ಎಂದಳು: ಈ ಬದಿ ಬಲು ಭಾರ. ಆ ಬದಿ ಖಾಲಿ. ಪಾಪ, ಚಕ್ರಕ್ಕೆ ದುಃಖವಾಗಿದೆ. ಎಲ್ಲರೂ ನಕ್ಕು ಕೆಳಗಿಳಿದರು.

ಬಾಷಾ ಎಂದಿನಂತೆ ಕಣ್ಣಲ್ಲೇ ತೂಗತೊಡಗಿದ. “ಆ ಅಜ್ಜ ಒಂದ ಚೀಲಾ ಹತ್ತ ಕಿಲೋ. ಟೋಪಿ ಬಾಯಿ ಒಂದೂವರಿ ಚೀಲ, ಆಕೀನ್ನ ಆ ಕಡೆ ಕಳಸು.” ಐವತ್ತು ಕಿಲೋದ ಗೋಧಿ ಚೀಲವೇ ಚಕ್ರ ನಡೆಸುವವರ ಕಸುಬಿನ ಅಳತೆ. ಗಟ್ಟಿಯಾಗಿ ಹೇಳಿದರೂ ಜಾತ್ರೆಯಲ್ಲಿ ಯಾರೂ ಬೇಸರಿಸುವುದಿಲ್ಲ. ಓಟದಲ್ಲಿದ್ದ ದಿಲನಾಜಳ ನಾಲಿಗೆ ಚೀಲವನ್ನು ಕಿಲೋ ಮಾಡಿ ಅದನ್ನೂ ಅನುವಾದಿಸಿಬಿಟ್ಟಿತು: “ಸೆನ್ಯೋರಾ, ಎಪ್ಪತ್ತೈದು ಕಿಲೋ, ನೀವು ಆ ಕಡೆ.”

ನಗು ನಿಂತಿತು. ಹೆಂಗಸು ಟೋಪಿ ತೆಗೆದು ಅವಳನ್ನೇ ನೋಡಿದಳು.

“ಎಂಥದು ಮಾರಾಯ್ತಿ, ಹೆಂಗಸರ ವೇಟ್ ಪಬ್ಲಿಕ್‌ನಲ್ಲಿ ಹೇಳುದಾ?” ಪ್ರಣೀತಾ ಪಿಸುಗುಟ್ಟಿದಳು. “ಸಾರಿ ಹೇಳು.”

ಸಾರಿ ಎಂಬುದಕ್ಕೆ ಸ್ಪ್ಯಾನಿಷ್ ಪದ ದಿಲನಾಜಳಿಗೆ ಮೊದಲ ವಾರದಲ್ಲೇ ಬಂದಿತ್ತು. ಆದರೆ ಕ್ಷಮೆ ಕೇಳಿದರೆ ಮಾಮಾನ ವಿದ್ಯೆ ಬರೀ ಒರಟುತನವಾಗಿ ಉಳಿಯುತ್ತದೆ. ಜಾತ್ರೆಯ ಆಕರ್ಷಣೆಗಳನ್ನು ವರ್ಣಿಸುವುದಲ್ಲವೇ ತನ್ನ ಕೆಲಸ?

“ಸೆನ್ಯೋರಾ,” ಎಂದಳು, ಮಾಮಾನತ್ತ ಕೈ ತೋರಿಸಿ, ಒಂದೊಂದೇ ಪದ ಜೋಡಿಸಿ, “ಈ ಜಾತ್ರೆಯ ಅತ್ಯಂತ ಹಳೆಯ ಆಕರ್ಷಣೆ ಈ ಮನುಷ್ಯ. ತಕ್ಕಡಿ ಇಲ್ಲ, ಎರಡು ಕಣ್ಣು ಮಾತ್ರ. ಪಾಪ್‌ಕಾರ್ನ್ ಅಂಗಡಿಯ ಪಕ್ಕ ತೂಕದ ಯಂತ್ರ ಇದೆ. ಪರೀಕ್ಷೆ ಮಾಡುತ್ತೀರಾ?”

ಹೆಂಗಸು ತುಟಿ ಬಿಗಿಹಿಡಿದು ಹೋಗಿ ಯಂತ್ರ ಹತ್ತಿದಳು. ನೋಡಿದಳು. ಮರುಗಳಿಗೆ ತನ್ನ ತೂಕವನ್ನು ತಾನೇ ಜೋರಾಗಿ ಕೂಗಿದಳು: ಎಪ್ಪತ್ತೇಳು. ದಿಲನಾಜ ಅದನ್ನು ಮಾಮಾನಿಗೆ ಕನ್ನಡದಲ್ಲಿ ದಾಟಿಸಿದಳು.

“ಎರಡ ಕಿಲೋ ಹೆಗಲಿನ ಬ್ಯಾಗಿಂದು,” ಎಂದ ಬಾಷಾ, ಎದ್ದೂ ನೋಡದೆ. ದಿಲನಾಜ ಅದನ್ನೂ ಅನುವಾದಿಸಿದಳು. ಟೋಪಿ ಹೆಂಗಸಿನ ಹಿಂದೆ ಉಳಿದ ಹನ್ನೊಂದು ಮಂದಿಯೂ ತೂಗಿಸಿಕೊಳ್ಳಲು ಸಾಲು ನಿಂತರು; ಅಜ್ಜನಂತೂ ಬಾಷಾನ ಬಾಯಿಂದ ತನ್ನ ಚೀಲದ ಲೆಕ್ಕ ಇನ್ನೊಮ್ಮೆ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ.

“ನಾಳೆ ಹದಿನಾಲ್ಕು ಜನ,” ಎಂದಳು ಪ್ರಣೀತಾ. “ಫಸ್ಟ್ ನಿನ್ನ ಮಾಮ, ಆಮೇಲೆ ವ್ಹೀಲ್. ಮಾರ್ಚ್‌ವರೆಗೆ ಬೇರೆ ಎಲ್ಲಿಯೂ ಒಪ್ಪಿಕೊಳ್ಬೇಡ, ಆಯ್ತಾ?”

ಬಾಷಾ ಹೇಳಿದಲ್ಲೇ ಎಲ್ಲರೂ ಕುಳಿತರು, ಚಕ್ರ ಮೇಲೇರಿತು. ದಿಲನಾಜ ಯಂತ್ರದ ಅಂಕಿಗಳನ್ನು ಆಚೆ ಆರು, ಈಚೆ ಆರು ಎಂದು ಕೂಡಿಸಿ ನೋಡಿದಳು. ಮಾಮಾ ಕಣ್ಣಲ್ಲೇ ತೂಗಿ ಕೂರಿಸಿದ ಎರಡು ಬದಿಗಳ ವ್ಯತ್ಯಾಸ ಬರೀ ಮೂರು ಕಿಲೋ ಇನ್ನೂರು ಗ್ರಾಂ.