ಮಣ್ಣೊಳಗಿನ ವರ್ಷಗಳು

ರೆಕ್ಸಿನ್ ರಟ್ಟು ತೊಡೆಗೆ ಅಂಟುತ್ತಿದೆ, ಮೂರು ಪ್ರತಿ, ಮೂರರಲ್ಲೂ ಗೋಂದಿನ ವಾಸನೆ ಇನ್ನೂ ಆರಿಲ್ಲ, ಹಿರಿಯಡ್ಕ ದಾಟಿತು, ಈ ಕಂಡಕ್ಟರನಿಗೆ ಎಂಥ ಅವಸರ — ಅವಸರ ಇರಬೇಕಾದದ್ದು ನನಗೆ, ಐದು ಗಂಟೆಯೊಳಗೆ ಮಣಿಪಾಲದಲ್ಲಿ ಪ್ರಬಂಧ ಒಪ್ಪಿಸದಿದ್ದರೆ ಡಾಕ್ಟರೇಟ್ ಮುಂದಿನ ವರ್ಷಕ್ಕೆ, ಸೋಮವಾರದ ಸಂದರ್ಶನ, ಆ ಗಣಿತದ ಉಪನ್ಯಾಸಕಿ ಹುದ್ದೆ, ಎಲ್ಲ ಕೈಬಿಟ್ಟುಹೋದಂತೆ. ಬೆಳಿಗ್ಗೆ ಅಜೆಕಾರಿಗೆ ಹೋಗಲೇಬಾರದಿತ್ತು, ನಾಲ್ಕು ವರ್ಷ ಗದ್ದೆಯಿಂದ ನನಗಾಗಿ ಕಳೆ ಕಿತ್ತುಕೊಟ್ಟ ಭಾಗವ್ವನಿಗೆ ನೋಡು ನಿನ್ನ ಹುಲ್ಲಿನ ವಂಶಾವಳಿ ಎಂದು ತೋರಿಸುವ ಚಪಲ, ಅವಳು ಪುಸ್ತಕದತ್ತ ಕಣ್ಣೂ ಹಾಯಿಸಲಿಲ್ಲ, ಪೈಪಿಗೆಂದು ಅಗೆದ ಕಣಿಯ ಉದ್ದಕ್ಕೂ ಕೈ ತೋರಿಸಿದಳು, ನೇರಳೆ ದಂಟಿನ ಕಳೆ, ಅಡಿಯ ಮಣ್ಣು ಮೇಲೆ ಬಿದ್ದಲ್ಲಿ ಮಾತ್ರ. ನಾ ಈ ಕಡೆ ಬಂದ ತೊಂಬತ್ತಾರನೇ ಇಸ್ವಿಯಾಗ ಇತ್ರೀ ಅಕ್ಕಾರ, ಆಮ್ಯಾಲೆ ಒಂದೂ ಕಂಡಿಲ್ಲ, ಬೀಜ ನೆಲದಾಗ ಮಲಗಿತ್ತು, ಐದು ವರ್ಸಕ್ಕ ಎದ್ದೈತಿ ನೋಡ್ರಿ.

ಎದ್ದೈತಿ — ನನ್ನ ಸಮೀಕರಣದಲ್ಲಿ ಯಾರೂ ಮಲಗುವುದೇ ಇಲ್ಲ, ಪ್ರತಿ ಗಿಡದ ತಾಯಿಯೂ ಹೋದ ವರ್ಷದ್ದೇ, ಹಿಂದಕ್ಕೆ ಹೋದಂತೆ ಎರಡು ಗಿಡಗಳ ವಂಶದ ಗೆರೆಗಳು ಒಬ್ಬ ಅಜ್ಜಿಯಲ್ಲಿ ಕೂಡುತ್ತವೆ, ಇಂತಿಷ್ಟೇ ವರ್ಷದಲ್ಲಿ ಎಂದು ಎಷ್ಟು ಜಂಬದಿಂದ ಸಾಧಿಸಿದ್ದೆ, ಆದರೆ ಒಂದು ಗೆರೆ ಬೀಜವಾಗಿ ಮಣ್ಣಲ್ಲಿ ಮಲಗಿದ್ದಾಗ ಇನ್ನೊಂದು ಮೇಲೆ ಗಿಡವಾಗಿದ್ದರೆ ಕೂಡುವುದು ಹೇಗೆ, ಪಕ್ಕದಲ್ಲೇ ಹಾದುಹೋಗುತ್ತವೆ, ಮುಟ್ಟುವುದಿಲ್ಲ, ಅಜ್ಜಿ ನಾನು ಹೇಳಿದ್ದಕ್ಕಿಂತ ಎಷ್ಟೋ ಹಿಂದಿನವಳು. ಕಾರ್ಕಳದ ಬೂತಿನಿಂದ ಮಾರ್ಗದರ್ಶಕರಿಗೆ ಫೋನು ಮಾಡಿದೆ, ತಾರಾನಾಥ ಸರ್ ನಕ್ಕರು, ಎಂತ ಡುಲ್ಸಿನ್, ಒಂದು ಕಳೆಗೆ ಯಾರಾದರೂ ಹೆದರುವುದುಂಟಾ ಮಾರಾಯ್ತಿ, ಓದುವವರಿಗೆ ಗೊತ್ತಾಗುವುದಿಲ್ಲ ಅಲ್ವಾ, ಮೊದಲು ಡಿಗ್ರಿ ತಗೊಳ್ಳಿ, ಮತ್ತೆ ತಿದ್ದುವ. ಹೂಂ ಸರ್ ಎಂದೆ, ಆ ಹೂಂ ಮೇಲೆಯೇ ನನಗೆ ಸಿಟ್ಟು, ಬೈಲೂರಿನಿಂದ ಇಲ್ಲಿಯವರೆಗೂ ಅದೇ ಸಿಟ್ಟು. ಗೊತ್ತಾಗುವುದಿಲ್ಲವಂತೆ, ನನಗೆ ಗೊತ್ತಾಗಿದೆಯಲ್ಲ.

ಪರ್ಕಳ, ಏರು, ಪೆನ್ನು ತೆಗೆದೆ, ಎಂಬತ್ತೆರಡನೇ ಪುಟ, ಗೆರೆಗಳು ಕೂಡುವ ಬಿಂದುವಿನ ಮೇಲೆ ಗಟ್ಟಿಯಾಗಿ ಕಾಟು ಹೊಡೆದೆ, ಮೂರೂ ಪ್ರತಿಯಲ್ಲಿ, ಇನ್ನು ಇದಕ್ಕೆ ಯಾರೂ ಸೀಲು ಹಾಕಲಾರರು, ಭಯವಾಗುತ್ತಿದೆ, ಆಗಲಿ, ಮೊದಲಿನಿಂದ ಮಾಡುತ್ತೇನೆ, ಮಲಗಿದ ವರ್ಷಗಳನ್ನೂ ಸೇರಿಸಿ, ಒಂದಲ್ಲ ಮೂರು ವರ್ಷ ಹಿಡಿದರೂ ಸರಿ, ಅಂಚಿನ ಖಾಲಿ ಜಾಗದಲ್ಲಿ ಆಗಲೇ ಎಳೆಯುತ್ತಿದ್ದೇನೆ, ಎಚ್ಚರವಿದ್ದದ್ದಕ್ಕೆ ಗಟ್ಟಿ ಗೆರೆ, ಮಲಗಿದ್ದಕ್ಕೆ ಚುಕ್ಕಿ ಗೆರೆ, ಪಕ್ಕ ಪಕ್ಕ, ಹಿಂದಿನ ವರ್ಷಗಳಿಗೆ ಕೆಳಕ್ಕೆ ಕೆಳಕ್ಕೆ, ಮಣಿಪಾಲ ಮಣಿಪಾಲ ಯಾರು ಇಳಿಯುವುದು, ಪುಟ ಮುಗಿಯಿತು, ಎರಡು ಗೆರೆ, ಇನ್ನೂ ಮುಟ್ಟಿಲ್ಲ, ಎರಡು ಗೆರೆ —